ಹೂಳು ಉಳಿಸಿದ ಊರು

ಹೋದ ನವೆಂಬರಿನಲ್ಲಿ ಬ್ರಸೆಲ್ಸ್‌ನಲ್ಲಿರುವ ಅಕ್ಕನ ಮನೆಗೆ ಹೊರಟಾಗ ಅಮ್ಮ ನನ್ನ ಬ್ಯಾಗಿನೊಳಗೆ ಒಂದು ಕೆಜಿ ಕಾಳುಮೆಣಸು ತುರುಕಿದಳು. ನಮ್ಮದೇ ತೋಟದ್ದು, ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯದು. ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಬಟ್ಟೆ ತೆಗೆದು ಜಾಗ ಮಾಡಿ ಮೆಣಸು ಇಟ್ಟಳು.

ಬ್ರಸೆಲ್ಸ್ ಮುಟ್ಟಿದ ರಾತ್ರಿ ಭಾವ ಆ ಪೊಟ್ಟಣ ಬಿಚ್ಚಿ ಮೂಸಿ ನೋಡಿ ನಕ್ಕರು. "ಇಲ್ಲಿ ಡಚ್ ಮಾತಾಡುವವರ ಬಾಯಲ್ಲಿ ಒಂದು ಪದ ಇದೆ, ಪೇಪರ್‌ಡ್ಯೂರ್ ಅಂತ. ಮೆಣಸಿನಷ್ಟು ತುಟ್ಟಿ ಅಂತ ಅರ್ಥ. ಮನೆ ಬಾಡಿಗೆ ಜಾಸ್ತಿ ಆದರೂ ಪೇಪರ್‌ಡ್ಯೂರ್, ಹೋಟೆಲ್ ಬಿಲ್ಲು ಜಾಸ್ತಿ ಆದರೂ ಪೇಪರ್‌ಡ್ಯೂರ್" ಎಂದರು. ಈಗ ಅಲ್ಲಿನ ಅಂಗಡಿಯಲ್ಲಿ ಮೆಣಸಿಗೆ ಅಂಥ ದೊಡ್ಡ ಬೆಲೆಯೇನೂ ಇಲ್ಲ. ಆದರೆ ಅದು ತುಟ್ಟಿಯಾಗಿದ್ದ ಕಾಲದ ನೆನಪು ಮಾತಿನಲ್ಲಿ ಉಳಿದುಕೊಂಡಿದೆ. ಆ ಕಾಲದ ಊರು ಹಾಗೇ ನೋಡಬೇಕಾದರೆ ನಾಳೆ ಹೋಗೋಣ, ರೈಲಿನಲ್ಲಿ ಒಂದೇ ಗಂಟೆ ಎಂದರು ಭಾವ.

ಹಾಗೆ ನಾನು ಬ್ರೂಜ್ ನೋಡಿದ್ದು. ಅಲ್ಲಿಯವರು ಅದನ್ನು ಗಂಟಲಿನಿಂದ 'ಬ್ರುಗ್ಗೆ' ಎನ್ನುತ್ತಾರೆ. ಬೆಲ್ಜಿಯಂನ ಉತ್ತರ ಭಾಗದ ಫ್ಲಾಂಡರ್ಸ್ ಸೀಮೆಯಲ್ಲಿ, ಸಮುದ್ರದಿಂದ ಸುಮಾರು 15 ಕಿ.ಮೀ. ಒಳಗಿರುವ ಊರು. ನಡುಪೇಟೆಯನ್ನು ಮೊಟ್ಟೆಯ ಆಕಾರದಲ್ಲಿ ನೀರು ಸುತ್ತುವರಿದಿದೆ. ಒಳಗೆ ಕಾಲುವೆಗಳು, ಕಲ್ಲು ಹಾಸಿದ ಓಣಿಗಳು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ತ್ರಿಕೋನ ಮುಖದ ಇಟ್ಟಿಗೆ ಮನೆಗಳು. ಮಳೆ ಹನಿಯುತ್ತಿತ್ತು. ನೀರಿನ ಮೇಲೆ ಹಂಸಗಳಿದ್ದವು. ಐನೂರು ಆರುನೂರು ವರ್ಷ ಯಾರೂ ಏನನ್ನೂ ಮುಟ್ಟದೆ ಬಿಟ್ಟಿದ್ದಾರೆ ಎಂದೇ ಮೊದಲ ನೋಟಕ್ಕೆ ಅನಿಸುತ್ತದೆ.

ಪತ್ರಿಕೋದ್ಯಮದ ತರಗತಿಯಲ್ಲಿ ನಮ್ಮ ಮೇಷ್ಟ್ರೊಬ್ಬರು ಯಾವ ವರದಿ ತಂದು ತೋರಿಸಿದರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇದಕ್ಕೆ ದುಡ್ಡು ಯಾರದ್ದು? ರಥೋತ್ಸವವಾಗಲಿ, ಸೇತುವೆಯಾಗಲಿ, ಅದೇ ಪ್ರಶ್ನೆ. ಆ ಅಭ್ಯಾಸ ಹೋಗಿಲ್ಲ. ಬ್ರೂಜ್‌ನ ಮಾರುಕಟ್ಟೆ ಚೌಕದಲ್ಲಿ ನಿಂತು ತಲೆಯೆತ್ತಿದಾಗಲೂ ಅದೇ ಕೇಳಿಕೊಂಡೆ. ಇದನ್ನು ಕಟ್ಟಿದ ದುಡ್ಡು ಯಾರದ್ದು? ಉಳಿಸಿದ ದುಡ್ಡು ಯಾರದ್ದು? ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರ ನಾನು ಎಣಿಸಿದ್ದಲ್ಲ.

ಅಳಿವೆಯ ಐಶ್ವರ್ಯ

ಚೌಕದ ಒಂದು ಬದಿಗೆ 83 ಮೀಟರ್ ಎತ್ತರದ ಗಂಟೆಗೋಪುರ ಇದೆ. ಹತ್ತಲು 366 ಮೆಟ್ಟಿಲು. ಮೇಲೆ ಹೋದಂತೆ ಮೆಟ್ಟಿಲು ಎಷ್ಟು ಕಿರಿದಾಗುತ್ತದೆಂದರೆ ಇಳಿಯುವವರು ಗೋಡೆಗೆ ಒತ್ತಿಕೊಂಡರೆ ಮಾತ್ರ ಹತ್ತುವವರಿಗೆ ದಾರಿ. ಗೋಪುರ ಇರುವುದು ಚರ್ಚಿನ ಮೇಲಲ್ಲ, ಬಟ್ಟೆ ವ್ಯಾಪಾರದ ಮಂಡಿಯ ಮೇಲೆ. ಊರಿನ ಹಕ್ಕುಪತ್ರಗಳನ್ನು, ಖಜಾನೆಯನ್ನು ಇದರೊಳಗೇ ಇಡುತ್ತಿದ್ದರು. 1280ರಲ್ಲಿ ಬೆಂಕಿ ಬಿದ್ದು ಮರದ ಗೋಪುರದ ಜೊತೆ ಊರಿನ ದಾಖಲೆಗಳೂ ಸುಟ್ಟುಹೋದವು. ಮತ್ತೆ ಕಟ್ಟಿದರು. 1493ರಲ್ಲಿ ಸಿಡಿಲು ಬಡಿದು ತುದಿ ಉರಿಯಿತು, ಮತ್ತೆ ಕಟ್ಟಿದರು. 1741ರಲ್ಲಿ ಮತ್ತೆ ಉರಿಯಿತು. ಆಮೇಲೆ ಆ ಮರದ ತುದಿಯನ್ನು ಕಟ್ಟಲಿಲ್ಲ. ಗೋಪುರ ಇವತ್ತು ಮೊಂಡಾಗಿ ಕಾಣುವುದು ಅದಕ್ಕೇ.

ಮೇಲಿಂದ ನೋಡಿದರೆ ಉತ್ತರಕ್ಕೆ ಚಪ್ಪಟೆ ಹೊಲ, ಅದರಾಚೆ ಮಂಜಿನಲ್ಲಿ ಕಡಲು. ಊರಿನ ಕಥೆ ಶುರುವಾಗುವುದು ಅಲ್ಲಿಂದ. 1134ರ ಒಂದು ದೊಡ್ಡ ಬಿರುಗಾಳಿಯಲ್ಲಿ ಕಡಲು ನುಗ್ಗಿ ಜ್ವಿನ್ ಎಂಬ ಅಳಿವೆ ತೆರೆದುಕೊಂಡಿತು ಎಂದು ಹೇಳುತ್ತಾರೆ. ಹಡಗು ಒಳನಾಡಿನವರೆಗೆ ಬರಲು ದಾರಿಯಾಯಿತು. ಅಳಿವೆಯ ತಲೆಯಲ್ಲಿ ಡಾಮೆ ಎಂಬ ಬಂದರು ಎದ್ದಿತು. ಅಲ್ಲಿಂದ ಕಾಲುವೆಯಲ್ಲಿ ಸಣ್ಣ ದೋಣಿಗಳು ಸರಕನ್ನು ಊರಿನ ನಡುವಿಗೇ ತರುತ್ತಿದ್ದವು. ಮಾರುಕಟ್ಟೆ ಚೌಕದ ಪೂರ್ವಕ್ಕೆ ನೀರಿನ ಮೇಲೆಯೇ ಕಟ್ಟಿದ್ದ ದೊಡ್ಡ ಮಂಡಿಯಿತ್ತು. ದೋಣಿ ಕಟ್ಟಡದ ಒಳಕ್ಕೇ ಬಂದು ಮಳೆಗೆ ನೆನೆಯದಂತೆ ಸರಕು ಇಳಿಸುತ್ತಿತ್ತು.

ಇಂಗ್ಲೆಂಡಿನ ಕುರಿಯ ಉಣ್ಣೆ ಬರುತ್ತಿತ್ತು, ಇಲ್ಲಿ ಬಟ್ಟೆಯಾಗಿ ಹೊರಡುತ್ತಿತ್ತು. 1277ರಲ್ಲಿ ಇಟಲಿಯ ಜಿನೋವಾದ ಹಡಗುಗಳು ಸ್ಪೇನನ್ನು ಸುತ್ತಿಕೊಂಡು ಅಟ್ಲಾಂಟಿಕ್ ಮೂಲಕ ನೇರವಾಗಿ ಇಲ್ಲಿಗೆ ಬಂದವು. 1314ರಿಂದ ವೆನಿಸ್‌ನ ಹಡಗುಗಳೂ ಬರತೊಡಗಿದವು. ಅವುಗಳ ಹೊಟ್ಟೆಯಲ್ಲಿದ್ದ ಸರಕಿನಲ್ಲಿ ಕಾಳುಮೆಣಸೂ ಇತ್ತು. ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಅರಬ್ ವ್ಯಾಪಾರಿಗಳು ತುಂಬಿಕೊಂಡು, ಕೆಂಪು ಸಮುದ್ರ ದಾಟಿಸಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ವೆನಿಸ್‌ನವರಿಗೆ ಮಾರಿದ ಮೆಣಸು. ಒಂದೊಂದು ಕೈ ಬದಲಾದಾಗಲೂ ಒಂದೊಂದು ಸುಂಕ. ಬ್ರೂಜ್‌ಗೆ ಬರುವಷ್ಟರಲ್ಲಿ ಅದು ಪೇಪರ್‌ಡ್ಯೂರ್ ಆಗದೆ ಇನ್ನೇನಾಗುತ್ತದೆ?

ಜಿನೋವಾದವರು, ವೆನಿಸ್‌ನವರು, ಫ್ಲಾರೆನ್ಸ್‌ನವರು, ಜರ್ಮನಿಯ ಹಾನ್ಸಾ ವ್ಯಾಪಾರಿಗಳು, ಎಲ್ಲರೂ ಇಲ್ಲಿ ತಂತಮ್ಮ ಕಚೇರಿ ಮಾಡಿಕೊಂಡಿದ್ದರು. ಅವರೆಲ್ಲ ಸೇರುತ್ತಿದ್ದ ಒಂದು ಚೌಕದಲ್ಲಿ ವಾನ್ ಡೆರ್ ಬ್ಯೂರ್ಸೆ ಎಂಬ ಕುಟುಂಬದ ವಸತಿಗೃಹ ಇತ್ತು. ಹುಂಡಿ, ಸಾಲ, ನಾಣ್ಯದ ವಿನಿಮಯ ಅದರ ಎದುರಿಗೇ ನಡೆಯುತ್ತಿತ್ತು. ಯುರೋಪಿನ ಹಲವು ಭಾಷೆಗಳಲ್ಲಿ ಷೇರುಪೇಟೆಗೆ 'ಬೋರ್ಸ್' ಎಂಬ ಹೆಸರು ಬಂದದ್ದು ಈ ಮನೆತನದಿಂದ ಎನ್ನುತ್ತಾರೆ. ಪಕ್ಕದಲ್ಲೇ ಜಿನೋವಾದವರು 1399ರಲ್ಲಿ ಕಟ್ಟಿಸಿಕೊಂಡ ಕಟ್ಟಡ ಇದೆ. ಅದರೊಳಗೆ ಈಗ ಆಲೂಗಡ್ಡೆ ಫ್ರೈಯ ಮ್ಯೂಸಿಯಂ. ಭಾವನಿಗೆ ಅದೇ ಇಷ್ಟ.

ಸರಕು ಎತ್ತುವುದಕ್ಕೆ ಊರಿನಲ್ಲಿ ಮರದ ಒಂದು ದೊಡ್ಡ ಕ್ರೇನ್ ಇತ್ತು. ಹಳೆಯ ಚಿತ್ರಗಳಲ್ಲಿ ಕಾಣಿಸುತ್ತದೆ. ಎರಡು ಬದಿಗೆ ದೊಡ್ಡ ಚಕ್ರ. ಚಕ್ರದ ಒಳಗೆ ಮನುಷ್ಯರು ನಡೆಯುತ್ತಲೇ ಇರಬೇಕು, ಆಗ ಹಗ್ಗ ಸುತ್ತಿಕೊಂಡು ದ್ರಾಕ್ಷಾರಸದ ಪೀಪಾಯಿ ಮೇಲೇಳುತ್ತದೆ. ಆ ಕೂಲಿಗಳನ್ನು 'ಕ್ರೇನ್ ಮಕ್ಕಳು' ಎಂದು ಕರೆಯುತ್ತಿದ್ದರು. ಕ್ರೇನ್ ಇಲ್ಲ, ಆ ಜಾಗಕ್ಕೆ ಕ್ರೇನ್ ಚೌಕ ಎಂಬ ಹೆಸರು ಮಾತ್ರ ಉಳಿದಿದೆ. ಕಟ್ಟಿದ ದುಡ್ಡು ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಬ್ಯಾಂಕಿನವರ ಜೊತೆ ಈ ಚಕ್ರದಲ್ಲಿ ನಡೆದವರನ್ನೂ ಸೇರಿಸಬೇಕು.

ನೇಕಾರ ಮತ್ತು ಕಟುಕ

ಚೌಕದ ನಡುವೆ ಇಬ್ಬರ ಕಂಚಿನ ಪ್ರತಿಮೆ ಇದೆ. ಒಬ್ಬ ಪೀಟರ್ ಡೆ ಕೋನಿಂಕ್, ನೇಕಾರ. ಇನ್ನೊಬ್ಬ ಯಾನ್ ಬ್ರೈಡೆಲ್, ಕಟುಕ. ರಾಜರೂ ಅಲ್ಲ, ಪಾದ್ರಿಗಳೂ ಅಲ್ಲ. ಊರಿನ ಮುಖ್ಯ ಚೌಕದಲ್ಲಿ ಇಂಥ ಇಬ್ಬರು ನಿಂತಿರುವುದಕ್ಕೆ ಕಾರಣ 1302.

ಆಗ ಫ್ಲಾಂಡರ್ಸ್ ಫ್ರಾನ್ಸಿನ ರಾಜನ ಹಿಡಿತದಲ್ಲಿತ್ತು. ಊರಿನ ಶ್ರೀಮಂತ ಮನೆತನಗಳು ಬಹುಮಟ್ಟಿಗೆ ರಾಜನ ಕಡೆ. ಕಸುಬಿನವರು ಅವರ ವಿರುದ್ಧ. 1302ರ ಮೇ 18ರ ಬೆಳಗಿನ ಜಾವ ಕಸುಬಿನವರು ಮನೆಮನೆಗೆ ನುಗ್ಗಿ ಫ್ರೆಂಚ್ ಸೈನಿಕರನ್ನು, ಅವರ ಕಡೆಯವರನ್ನು ಕೊಂದರು. ಕತ್ತಲಲ್ಲಿ ಯಾರು ಯಾರೆಂದು ತಿಳಿಯಲು ಫ್ಲೆಮಿಷ್ ಮಾತೊಂದನ್ನು ಹೇಳಿಸುತ್ತಿದ್ದರು, ನಾಲಿಗೆ ತಿರುಗದವನು ಸತ್ತ ಎಂಬ ಕಥೆ ಇದೆ. ಎರಡು ತಿಂಗಳೊಳಗೆ, ಜುಲೈ 11ರಂದು, ಕೋರ್ಟ್ರೈಕ್ ಊರಿನ ಹತ್ತಿರ ಫ್ಲಾಂಡರ್ಸ್‌ನ ಕಾಲಾಳುಗಳು ಫ್ರೆಂಚ್ ಕುದುರೆ ಸವಾರರನ್ನು ಸೋಲಿಸಿದರು. ಸತ್ತ ಸರದಾರರ ಬೂಟಿನಿಂದ ಕಿತ್ತ ಬಂಗಾರ ಲೇಪಿತ ಮುಳ್ಳುಗಾಲಿಗಳನ್ನು ಅಲ್ಲಿಯ ಚರ್ಚಿನಲ್ಲಿ ನೇತುಹಾಕಿದರಂತೆ. ಆ ದಿನ ಇಂದಿಗೂ ಫ್ಲಾಂಡರ್ಸ್‌ನಲ್ಲಿ ನಾಡಹಬ್ಬ.

ಇದನ್ನು ಇಲ್ಲಿ ಹೇಳಲು ಇನ್ನೊಂದು ಕಾರಣ ಇದೆ. ಪ್ರತಿಮೆಯನ್ನು ಹತ್ತಿರದಿಂದ ನೋಡಿ ವರ್ಷ ಕೇಳಿದರೆ 1887 ಎನ್ನುತ್ತಾರೆ. ಘಟನೆ ನಡೆದು 585 ವರ್ಷದ ಮೇಲೆ ಬಂದ ನೆನಪು ಇದು. ಪ್ರತಿಮೆಯ ಹಿಂದೆ ಗೋಪುರ, ಕಮಾನು, ಕೆತ್ತನೆಗಳಿರುವ ಭವ್ಯ ಕಟ್ಟಡ ಕಾಣುತ್ತದಲ್ಲ, ದೋಣಿಗಳ ಮಂಡಿಯಿದ್ದ ಜಾಗದಲ್ಲಿ? ಆ ಮಂಡಿಯನ್ನು 1787ರಲ್ಲಿ ಕೆಡವಿದರು. ಈಗ ಕಾಣುವುದು ಪ್ರಾಂತೀಯ ಆಡಳಿತಕ್ಕೆಂದು 1887ರಲ್ಲಿ ಶುರುಮಾಡಿ 1921ರವರೆಗೆ ಕಟ್ಟಿದ್ದು. ಮಧ್ಯಯುಗದ್ದೆಂದು ನಾನು ಫೋಟೋ ತೆಗೆದ ಮೊದಲ ಕಟ್ಟಡವೇ ಅದು.

ಹೂಳು ತುಂಬಿತು, ಹಾಗೇ ಅಲ್ಲ

ಬ್ರೂಜ್ ಯಾಕೆ ಬಿತ್ತು ಎಂದು ಯಾರನ್ನು ಕೇಳಿದರೂ ಹೇಳುವುದು ಒಂದೇ: ಜ್ವಿನ್ ಅಳಿವೆಯಲ್ಲಿ ಹೂಳು ತುಂಬಿತು. ನಿಜ. ಆದರೆ ಹೂಳು ತಾನಾಗಿ ಮಾತ್ರ ತುಂಬಲಿಲ್ಲ.

ಕುಮಟಾ, ಹೊನ್ನಾವರ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಅಘನಾಶಿನಿಯ ಗಜನಿ ಗದ್ದೆಗೆ ಒಡ್ಡು ಕಟ್ಟುತ್ತೇವಲ್ಲ, ಉಪ್ಪುನೀರು ಒಳಗೆ ಬಾರದಂತೆ, ಹಾಗೇ ಜ್ವಿನ್‌ನ ಎರಡು ದಡದಲ್ಲೂ ಒಡ್ಡು ಕಟ್ಟಿ ಜವುಗು ನೆಲವನ್ನು ಹೊಲ, ಹುಲ್ಲುಗಾವಲು ಮಾಡಿಕೊಂಡರು. ಮೊದಲು ಭರತದ ನೀರು ಅಷ್ಟಗಲ ಹರಡಿ, ಇಳಿತದಲ್ಲಿ ರಭಸದಿಂದ ಹಿಂದಿರುಗುವಾಗ ಅಳಿವೆಯ ತಳವನ್ನು ತಾನೇ ಗುಡಿಸಿಕೊಂಡು ಹೋಗುತ್ತಿತ್ತು. ಹರಡುವ ಜಾಗ ಕಡಿಮೆಯಾದಂತೆ ಒಳಬರುವ ನೀರು ಕಡಿಮೆಯಾಯಿತು, ಗುಡಿಸುವ ರಭಸ ಹೋಯಿತು, ಮರಳು ಕೂತಿತು. ಒಂದೊಂದು ಒಡ್ಡು ಕಟ್ಟಿದವನಿಗೂ ಲಾಭವೇ. ಎಲ್ಲ ಒಡ್ಡು ಸೇರಿ ಬಂದರನ್ನು ಮುಚ್ಚಿದವು. ದೊಡ್ಡ ಹಡಗು ನಿಲ್ಲುವ ಜಾಗ ಡಾಮೆಯಿಂದ ಕೆಳಗೆ ಸ್ಲೌಸ್ ಊರಿಗೆ ಸರಿಯಿತು. ಆಮೇಲೆ ಅಲ್ಲಿಗೂ ಬರುವುದು ಕಷ್ಟವಾಯಿತು.

ಎರಡನೆಯ ಕಾರಣ ರಾಜಕೀಯ. 1488ರ ಫೆಬ್ರುವರಿಯಲ್ಲಿ ಊರಿನವರು ತಮ್ಮ ಆಳುವವನನ್ನೇ, ಮುಂದೆ ಸಾಮ್ರಾಟನಾದ ಮ್ಯಾಕ್ಸಿಮಿಲಿಯನ್‌ನನ್ನೇ, ಮಾರುಕಟ್ಟೆ ಚೌಕದ ಒಂದು ಮನೆಯಲ್ಲಿ ಕೂಡಿಹಾಕಿದರು. ತೆರಿಗೆ, ಯುದ್ಧ, ಹಕ್ಕುಗಳ ಜಗಳ. ಅವನ ಆಪ್ತ ಅಧಿಕಾರಿ ಪೀಟರ್ ಲಾಂಖಾಲ್ಸ್‌ನ ತಲೆಯನ್ನು ಅದೇ ಚೌಕದಲ್ಲಿ ಕಡಿದರು. ಲಾಂಖಾಲ್ಸ್ ಎಂದರೆ ಉದ್ದ ಕತ್ತು. ಬಿಡುಗಡೆಯಾದ ಮ್ಯಾಕ್ಸಿಮಿಲಿಯನ್ "ಉದ್ದ ಕತ್ತಿನವರನ್ನು ಎಂದೆಂದಿಗೂ ಸಾಕಿ" ಎಂದು ಶಿಕ್ಷೆ ಕೊಟ್ಟ, ಅದಕ್ಕೇ ಕಾಲುವೆಯಲ್ಲಿ ಹಂಸಗಳು ಎಂಬುದು ದೋಣಿಯವರು ಪ್ರವಾಸಿಗರಿಗೆ ಹೇಳುವ ಕಥೆ. ದೊಡ್ಡ ಶಿಕ್ಷೆ ಬೇರೆಯೇ ಇತ್ತು. ವಿದೇಶಿ ವ್ಯಾಪಾರಿಗಳು ಬ್ರೂಜ್ ಬಿಟ್ಟು ಆಂಟ್ವರ್ಪ್‌ಗೆ ಹೋಗಬೇಕೆಂದು ಅವನು ಆಜ್ಞೆ ಮಾಡಿದ. ಕೂಡಿಹಾಕಿದ್ದ ಆ ಮನೆಯ ಜಾಗದಲ್ಲಿ ಈಗ ಕೆಫೆ. ನಾವು ಕಾಫಿ ಕುಡಿದದ್ದು ಅಲ್ಲೇ.

ಮೂರನೆಯ ಕಾರಣ ನನ್ನ ಬ್ಯಾಗಿನಲ್ಲಿ ಬಂದದ್ದು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಮೆಣಸಿಗೆ ಅಲೆಕ್ಸಾಂಡ್ರಿಯಾ, ವೆನಿಸ್ ದಾರಿಯ ಜೊತೆಗೆ ಆಫ್ರಿಕಾವನ್ನು ಸುತ್ತುವ ಲಿಸ್ಬನ್ ದಾರಿಯೂ ತೆರೆಯಿತು. 1499ರ ಹೊತ್ತಿಗೆ ಪೋರ್ಚುಗೀಸರು ತಮ್ಮ ವ್ಯಾಪಾರದ ಕಚೇರಿಯನ್ನು ಬ್ರೂಜ್‌ನಿಂದ ಆಂಟ್ವರ್ಪ್‌ಗೆ ಸಾಗಿಸಿದರು. 1501ರಲ್ಲಿ ಪೋರ್ಚುಗೀಸರ ಸಾಂಬಾರ ಪದಾರ್ಥ ಹೊತ್ತ ಹಡಗು ಆಂಟ್ವರ್ಪ್‌ಗೆ ಬಂತು. ಮೆಣಸು ಬಂದಲ್ಲಿಗೆ ಜರ್ಮನಿಯ ಬೆಳ್ಳಿ, ತಾಮ್ರ ಬಂತು, ಸಾಲ ಕೊಡುವವರು ಬಂದರು. ಬ್ರೂಜ್ ಬದಿಗೆ ಉಳಿಯಿತು.

ಊರಿನವರು ಸುಮ್ಮನೆ ಕೂರಲಿಲ್ಲ. ಹೂಳೆತ್ತಿಸಿದರು, ಹೊಸ ಕಾಲುವೆ ತೋಡಿದರು. 1562ರಲ್ಲಿ ಮಾರ್ಕಸ್ ಗೆರಾರ್ಡ್ಸ್ ಎಂಬ ಕಲಾವಿದನಿಂದ ಊರಿನ ದೊಡ್ಡ ನಕ್ಷೆ ಬರೆಸಿದರು. ಹಕ್ಕಿ ಮೇಲಿಂದ ನೋಡಿದಂತೆ, ಒಂದೊಂದು ಮನೆ, ಒಂದೊಂದು ಸೇತುವೆ ಗುರುತಿಸುವಷ್ಟು ಚೊಕ್ಕ. ಅದರಲ್ಲಿ ಸಮುದ್ರಕ್ಕೆ ಹೋಗುವ ನೀರಿನ ದಾರಿಯನ್ನು ಮಾತ್ರ ಇದ್ದುದಕ್ಕಿಂತ ಅಗಲವಾಗಿ ಬರೆದಿದ್ದಾನೆ. ವ್ಯಾಪಾರಿಗಳು ನಕ್ಷೆ ನೋಡಿ ಮರಳಿ ಬರಲಿ ಎಂಬ ಆಸೆ. ಯಾರೂ ಬರಲಿಲ್ಲ. ತಮಾಷೆಯೆಂದರೆ ಆ ನಕ್ಷೆ ಹಿಡಿದು ಇವತ್ತಿಗೂ ಹಳೆ ಪೇಟೆಯಲ್ಲಿ ಹೆಚ್ಚುಕಡಿಮೆ ದಾರಿ ತಪ್ಪದೆ ಓಡಾಡಬಹುದು.

ಕೆಡವಲು ದುಡ್ಡಿರಲಿಲ್ಲ

ಅಷ್ಟು ಕಡಿಮೆ ಬದಲಾಗಲು ಕಾರಣ ಬಡತನ. ಆಂಟ್ವರ್ಪ್, ಬ್ರಸೆಲ್ಸ್, ಗೆಂಟ್ ಬೆಳೆದವು. ಬೆಳೆದ ಊರು ಹಳೆಯ ಮನೆ ಕೆಡವುತ್ತದೆ, ರಸ್ತೆ ಅಗಲ ಮಾಡುತ್ತದೆ, ಕಾರ್ಖಾನೆ ಕಟ್ಟುತ್ತದೆ. 19ನೇ ಶತಮಾನದಲ್ಲಿ ಗೆಂಟ್‌ನಲ್ಲಿ ಹತ್ತಿ ಗಿರಣಿಗಳ ಚಿಮಣಿ ಏಳುವಾಗ ಬ್ರೂಜ್‌ನಲ್ಲಿ ಅಂಥದ್ದೇನೂ ಆಗಲಿಲ್ಲ.

ಇದನ್ನು ಪ್ರವಾಸಿ ಕೈಪಿಡಿಗಳು "ಊರು ನಿದ್ದೆ ಹೋಯಿತು" ಎಂದು ಬರೆಯುತ್ತವೆ. ನಿದ್ದೆ ಹೋದ ಊರಿನಲ್ಲಿ ಎಚ್ಚರವಿದ್ದವರು ಲೇಸ್ ಹೆಣೆಯುವ ಹೆಣ್ಣುಮಕ್ಕಳು. ಬಾಲ್ ಬೀದಿಯಲ್ಲಿ, ಹಿಂದೆ ಸನ್ಯಾಸಿನಿಯರ ಲೇಸ್ ಶಾಲೆಯಿದ್ದ ಕಟ್ಟಡದಲ್ಲಿ, ಈಗ ಲೇಸ್ ಕೇಂದ್ರ ಇದೆ. ಮಧ್ಯಾಹ್ನ ಹೋದರೆ ವಯಸ್ಸಾದ ಹೆಂಗಸರು ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ, ಹತ್ತಾರು ಮರದ ಕಡ್ಡಿಗಳಿಗೆ ಸುತ್ತಿದ ದಾರವನ್ನು ಎಡಬಲ ದಾಟಿಸುತ್ತಾ ಕೂತಿರುತ್ತಾರೆ. ಕಡ್ಡಿಗಳು ಒಂದಕ್ಕೊಂದು ತಾಗುವ ಸದ್ದು ಮಳೆ ಹನಿಯಂತೆ ಕೇಳುತ್ತದೆ. ನೋಡಲು ಚಂದ. 1840ರ ದಶಕದಲ್ಲಿ ಇದು ಚಂದದ ಕೆಲಸವಾಗಿರಲಿಲ್ಲ. ಯಂತ್ರದ ನೂಲು ಬಂದು ಫ್ಲಾಂಡರ್ಸ್‌ನ ಹಳ್ಳಿಗಳ ಅಗಸೆ ನಾರಿನ ನೇಯ್ಗೆ ಬಿದ್ದುಹೋಗಿತ್ತು. 1845ರಲ್ಲಿ ಆಲೂಗಡ್ಡೆ ಬೆಳೆ ಕೊಳೆತುಹೋಯಿತು. ಬ್ರೂಜ್‌ನ ದೊಡ್ಡ ಪಾಲು ಜನ ದಾನದ ಮೇಲೆ ಬದುಕುತ್ತಿದ್ದರು. ಎಳೆಯ ಹುಡುಗಿಯರೂ ಲೇಸ್ ಶಾಲೆಯಲ್ಲಿ ದಿನವಿಡೀ ಬಗ್ಗಿ ಕೂತು ಅಲ್ಪ ಕೂಲಿಗೆ ದುಡಿದರು.

ಉಳಿಸಿದ ದುಡ್ಡು ಯಾರದ್ದು ಎಂದು ಕೇಳಿಕೊಂಡಿದ್ದೆನಲ್ಲ. ಮೊದಲ ಮುನ್ನೂರು ವರ್ಷ ಈ ಊರನ್ನು ಯಾರೂ ದುಡ್ಡು ಕೊಟ್ಟು ಉಳಿಸಲಿಲ್ಲ. ಇಲ್ಲದ ದುಡ್ಡು ಉಳಿಸಿತು. ಬೇರೆ ಊರಿಗೆ ಹೋಗಲಾರದೆ, ಹೊಸ ಮನೆ ಕಟ್ಟಲಾರದೆ, ಅಜ್ಜನ ಕಾಲದ ಸೋರುವ ಮನೆಯಲ್ಲೇ ಉಳಿದವರು ಉಳಿಸಿದರು. ಅವರಿಗೆ ಬೇರೆ ದಾರಿ ಇರಲಿಲ್ಲ.

ಎಲ್ಲವೂ ಉಳಿಯಲೂ ಇಲ್ಲ. ಊರಿನ ದೊಡ್ಡ ಚರ್ಚು ಸಂತ ಡೊನೇಷನ್ ಕೆಥೆಡ್ರಲ್. 1441ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ಮಹಾ ಚಿತ್ರಕಾರ ಯಾನ್ ವಾನ್ ಐಕ್‌ನ ಸಮಾಧಿ ಅಲ್ಲಿತ್ತು. ಫ್ರೆಂಚ್ ಕ್ರಾಂತಿಯ ಆಡಳಿತ ಬಂದಾಗ 1799ರ ಹೊತ್ತಿಗೆ ಅದನ್ನು ಕೆಡವಿ ಕಲ್ಲು ಮಾರಿದರು. ಅದರ ಅಡಿಪಾಯದ ತುಣುಕು ಈಗ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿದೆ. 1376ರಲ್ಲಿ ಕಟ್ಟಲು ಶುರುಮಾಡಿದ ಪುರಭವನದ ಮುಂಭಾಗದ ಮೂರ್ತಿಗಳನ್ನೂ ಕ್ರಾಂತಿಕಾರಿಗಳು ಒಡೆದುಹಾಕಿದ್ದರು. ಈಗ ಅಲ್ಲಿ ನಿಂತಿರುವವು 20ನೇ ಶತಮಾನದವು.

ಹಳೆಯದನ್ನು ಹೊಸದಾಗಿ ಕಟ್ಟಿದವರು

ಬಡ ಊರಿನಲ್ಲಿ ಬಾಡಿಗೆ ಅಗ್ಗ. ಹಾಗಾಗಿ 19ನೇ ಶತಮಾನದಲ್ಲಿ ಇಂಗ್ಲಿಷರು ಬಂದು ನೆಲೆಸಿದರು. ಅವರಲ್ಲಿ ಜೇಮ್ಸ್ ವೀಲ್ ಎಂಬವರು 1855ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿದ್ದು ಹಳೆಯ ದಾಖಲೆ ಕೆದಕಿ, ಊರಿನ ಚಿತ್ರಕಾರರ ಚರಿತ್ರೆ ಬರೆದರು. ಇಂಗ್ಲೆಂಡಿನಲ್ಲಿ ಆಗ ಗೋಥಿಕ್ ಶೈಲಿಯ ಹುಚ್ಚು. ಬ್ರೂಜ್ ಅಂಥವರ ಕಣ್ಣಿಗೆ ಸ್ವರ್ಗದಂತೆ ಕಂಡಿತು. 1877ರಿಂದ ನಗರಾಡಳಿತ ಒಂದು ಯೋಜನೆ ತಂದಿತು: ಮನೆಯ ಮುಖವನ್ನು ಹಳೆಯ ಶೈಲಿಯಲ್ಲಿ ದುರಸ್ತಿ ಮಾಡಿಸಿದರೆ ಸಹಾಯಧನ. ನಗರದ ವಾಸ್ತುಶಿಲ್ಪಿ ಲೂಯಿ ಡೆಲಾಸೆನ್ಸರಿ ಒಂದಾದ ಮೇಲೊಂದು ಕಟ್ಟಡ ಕೈಗೆತ್ತಿಕೊಂಡರು. ಮುಂದೆ ಆಂಟ್ವರ್ಪ್‌ನ ಭವ್ಯ ರೈಲು ನಿಲ್ದಾಣ ಕಟ್ಟಿದವರೂ ಅವರೇ. ದುರಸ್ತಿ ಎಂದರೆ ಇದ್ದುದನ್ನು ಗಟ್ಟಿ ಮಾಡುವುದಷ್ಟೇ ಆಗಿರಲಿಲ್ಲ. ಮಧ್ಯಯುಗದ ನಂತರ ಸೇರಿದ ಗಾರೆ, ಕಿಟಕಿ ಕಿತ್ತುಹಾಕಿ, ಮಧ್ಯಯುಗದಲ್ಲಿ ಹೀಗಿದ್ದಿರಬೇಕು ಎಂದುಕೊಂಡಿದ್ದನ್ನು ಸೇರಿಸುವುದೂ ಆಗಿತ್ತು.

ಇದಕ್ಕೆ ಚೊಕ್ಕ ಉದಾಹರಣೆ ಬೋನಿಫೇಸ್ ಸೇತುವೆ. ಅವರ್ ಲೇಡಿ ಚರ್ಚಿನ ಹಿಂಬದಿ, ಕಾಲುವೆಗೆ ಅಡ್ಡಲಾಗಿ, ಪಾಚಿ ಹಿಡಿದ ಪುಟ್ಟ ಕಲ್ಲಿನ ಸೇತುವೆ. ಒಂದು ಬದಿ ನೀರಿನ ಮೇಲೆ ಬಾಗಿದ ಮರದ ಮನೆಗಳು. ಬ್ರೂಜ್‌ನಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಳ್ಳುವ ಜಾಗಗಳಲ್ಲಿ ಇದೂ ಒಂದು. ಮದುವೆಯಾದವರು ಸಾಲಿನಲ್ಲಿ ನಿಂತಿದ್ದರು. ಅದನ್ನು ಕಟ್ಟಿದ್ದು ಸುಮಾರು 1910ರಲ್ಲಿ. ಮೈಸೂರಿನ ಈಗಿನ ಅರಮನೆಯ ಕೆಲಸ ಮುಗಿಯುತ್ತಿದ್ದ ಹೊತ್ತು ಅದು.

ಗೊತ್ತಾದಾಗ ಮೋಸಹೋದ ಹಾಗೆ ಅನಿಸಿತು. "ಇದು ಸಿನಿಮಾ ಸೆಟ್ಟಾ ಹಾಗಾದರೆ?" ಎಂದೆ. ಭಾವ, "ನೂರು ವರ್ಷ ದಾಟಿದ ಸೇತುವೆ ಮಾರಾಯ, ನಿನಗೆ ಅದೂ ಸಾಲದಾ?" ಎಂದರು.

ಆಮೇಲೆ ಯೋಚಿಸಿದರೆ ಅವರ ಮಾತಿನಲ್ಲೂ ಹುರುಳಿತ್ತು. ಮಧ್ಯಯುಗದ ಬ್ರೂಜ್‌ನಲ್ಲಿ ಬಹುಪಾಲು ಮನೆಗಳ ಮುಖ ಮರದ್ದು. ಬೆಂಕಿಯ ಭಯಕ್ಕೆ 17ನೇ ಶತಮಾನದ ಆರಂಭದಲ್ಲಿ ಹೊಸ ಮರದ ಮುಖಗಳನ್ನು ನಿಷೇಧಿಸಿದರು. ಅಂದರೆ ನಾವು ನೋಡುವ ಇಟ್ಟಿಗೆಯ ಸಾಲು ಒಮ್ಮೆ ಹೊಸತಾಗಿಯೇ ಬಂದದ್ದು. ಮಧ್ಯಯುಗದಿಂದ ನಿಜವಾಗಿ ಹಾಗೇ ಉಳಿದಿರುವುದು ಓಣಿಗಳ ಬಳಸು, ಕಾಲುವೆಗಳ ತಿರುವು, ಸೈಟುಗಳ ಅಳತೆ, ಕೆಲವು ದೊಡ್ಡ ಕಟ್ಟಡಗಳು. ಅದರ ಮೇಲೆ ಪ್ರತಿ ತಲೆಮಾರೂ ತನ್ನ ಗಾರೆ ಬಳಿದಿದೆ.

ಹತ್ತಿರದ ಈಪರ್ ಊರಿನ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅದೂ ಬಟ್ಟೆಯಿಂದ ಬೆಳೆದ ಊರು. ಮೊದಲ ಮಹಾಯುದ್ಧದ ನಾಲ್ಕು ವರ್ಷದಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ನಿಲ್ಲದಂತೆ ನೆಲಸಮವಾಯಿತು. ಅಲ್ಲಿಯ ಭಾರಿ ಬಟ್ಟೆ ಮಂಡಿಯನ್ನು ಹಳೆಯದರಂತೆಯೇ ಮತ್ತೆ ಕಟ್ಟಿದರು; ಕೆಲಸ ಮುಗಿದದ್ದು 1967ರಲ್ಲಿ. ಬ್ರೂಜ್ ಅದೇ ಯುದ್ಧದಲ್ಲಿ ಜರ್ಮನ್ನರ ಜಲಾಂತರ್ಗಾಮಿ ನೆಲೆಯಾಗಿತ್ತು. ಆದರೂ ಹಳೆ ಪೇಟೆ ಉಳಿಯಿತು. ಅದೃಷ್ಟದ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸತ್ತ ಊರೆಂದರೆ ಸಿಟ್ಟು

1892ರಲ್ಲಿ ಜಾರ್ಜ್ ರೋಡೆನ್‌ಬಾಖ್ ಎಂಬ ಲೇಖಕ 'ಸತ್ತ ಬ್ರೂಜ್' ಎಂಬ ಅರ್ಥದ ಹೆಸರಿಟ್ಟು ಫ್ರೆಂಚಿನಲ್ಲಿ ಒಂದು ಕಾದಂಬರಿ ಬರೆದ. ಹೆಂಡತಿ ಸತ್ತವನೊಬ್ಬ ಈ ಊರಿನ ಮಂಜು, ಗಂಟೆ, ನಿಂತ ನೀರಿನ ನಡುವೆ ಅಲೆಯುವ ಕಥೆ. ಊರಿನ ಫೋಟೋಗಳನ್ನೂ ಸೇರಿಸಿದ್ದ. ಪುಸ್ತಕ ಹೆಸರು ಮಾಡಿತು, ಓದಿದವರು ಊರು ನೋಡಲು ಬಂದರು. ಊರಿನವರಿಗೆ ಮಾತ್ರ ಸಿಟ್ಟು. ಅವರು ಆಗ ಸಮುದ್ರ ತೀರದಲ್ಲಿ ಹೊಸ ಬಂದರು ಕಟ್ಟಿಸಿಕೊಳ್ಳುವ ಓಡಾಟದಲ್ಲಿದ್ದರು. ಜೀಬ್ರುಗ್ಗೆ ಎಂಬ ಆ ಬಂದರು 1907ರಲ್ಲಿ ಉದ್ಘಾಟನೆಯಾಯಿತು. ರೋಡೆನ್‌ಬಾಖ್‌ನ ಸ್ಮಾರಕ ಬ್ರೂಜ್‌ಗೆ ಬೇಡವಾಗಿ ಗೆಂಟ್‌ಗೆ ಹೋಯಿತು. ನಿಮ್ಮ ಊರು ಎಷ್ಟು ಚಂದ, ಏನೂ ಬದಲಾಗಿಲ್ಲ ಎಂದು ಹೊರಗಿನವರು ಹೊಗಳಿದಾಗ ಒಳಗಿರುವವನಿಗೆ ಯಾಕೆ ಉರಿಯುತ್ತದೆ ಎಂದು ಹಳ್ಳಿಯಿಂದ ಬಂದ ನಮಗೆ ಬಿಡಿಸಿ ಹೇಳಬೇಕಿಲ್ಲ.

1960ರ ದಶಕದಲ್ಲಿ ಕಾಲುವೆಗಳು ಚರಂಡಿಯಂತೆ ನಾರುತ್ತಿದ್ದವು, ಹಳೆಯ ಮನೆಗಳು ಬೀಳುತ್ತಿದ್ದವು. 1965ರಲ್ಲಿ ಊರಿನವರು ಸೇರಿ ಸಂಘ ಕಟ್ಟಿಕೊಂಡು, ಅದಕ್ಕೆ ನಕ್ಷೆ ಬರೆದ ಮಾರ್ಕಸ್ ಗೆರಾರ್ಡ್ಸ್‌ನ ಹೆಸರೇ ಇಟ್ಟರು. 1972ರಲ್ಲಿ ಇಡೀ ಪೇಟೆಗೆ ಒಂದು ಯೋಜನೆ ತಯಾರಾಯಿತು. ಕಾಲುವೆ ಶುದ್ಧವಾಯಿತು. 2000ದಲ್ಲಿ ಹಳೆ ಪೇಟೆ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿತು.

ಈಗಿನ ಕಷ್ಟ ತಿರುಗುಮುರುಗು. ಹಳೆ ಪೇಟೆಯಲ್ಲಿ ವಾಸಿಸುವವರು ಸುಮಾರು 20,000; ನೋಡಲು ಬರುವವರು ವರ್ಷಕ್ಕೆ ಹಲವು ದಶಲಕ್ಷ. ಜೀಬ್ರುಗ್ಗೆಗೆ ಬಂದ ಕ್ರೂಸ್ ಹಡಗಿನವರು ಬೆಳಿಗ್ಗೆ ಬಂದು ಚಾಕಲೇಟು ಕೊಂಡು ಸಂಜೆ ಹೊರಟುಹೋಗುತ್ತಾರೆ. 2019ರಲ್ಲಿ ಮೇಯರ್, ದಿನಕ್ಕೆ ಎರಡು ಕ್ರೂಸ್ ಹಡಗು ಸಾಕು, ಒಂದು ದಿನದ ಪ್ರವಾಸಕ್ಕೆ ಜಾಹೀರಾತು ಕೊಡುವುದನ್ನು ನಿಲ್ಲಿಸುತ್ತೇವೆ ಎಂದರು. ಪೇಟೆಯೊಳಗಿನ ಹಳೆಯ ಬಿಯರ್ ಕಾರ್ಖಾನೆಯೊಂದು ತನ್ನ ಟ್ಯಾಂಕರುಗಳಿಂದ ಓಣಿಯ ಕಲ್ಲು ಹಾಳಾಗುವುದನ್ನು ತಪ್ಪಿಸಲು 2016ರಲ್ಲಿ ಊರಿನ ಕೆಳಗೆ ಮೂರು ಕಿ.ಮೀ.ಗೂ ಉದ್ದದ ಬಿಯರ್ ಪೈಪ್ ಹಾಕಿಸಿತು. ಕಾರ್ಖಾನೆ ಹೊರಗೆ ಹೋಗಿದ್ದರೆ ಆ ಜಾಗಕ್ಕೆ ಇನ್ನೊಂದು ಚಾಕಲೇಟಿನ ಅಂಗಡಿ ಬರುತ್ತಿತ್ತೇನೋ.

ಬಟ್ಟೆ ಒಣಗಿಸುವ ಅಂಗಳ

ಸಂಜೆ ಮಳೆ ನಿಂತ ಮೇಲೆ ಗೋಡ್ಸ್‌ಹೌಸ್ ಎಂಬ ಬಿಳಿ ಬಳಿದ ಪುಟ್ಟ ಮನೆಗಳ ಸಾಲು ನೋಡಿದೆವು. ಪದದ ಅರ್ಥ 'ದೇವರ ಮನೆ'. 14ನೇ ಶತಮಾನದಿಂದ ಶ್ರೀಮಂತರು, ಕಸುಬುದಾರರ ಸಂಘಗಳು ಬಡ ಮುದುಕರಿಗೆ, ವಿಧವೆಯರಿಗೆ ಇಂಥ ಮನೆ ಕಟ್ಟಿಸಿದರು. ಇರುವವರು ಕಟ್ಟಿಸಿದವನ ಆತ್ಮಕ್ಕೆ ಪ್ರಾರ್ಥನೆ ಮಾಡಬೇಕು, ಅದೇ ಬಾಡಿಗೆ. ಅಂಥ 40ಕ್ಕೂ ಹೆಚ್ಚು ಸಾಲುಗಳು ಉಳಿದಿವೆ. ಬಹಳಷ್ಟರಲ್ಲಿ ಈಗಲೂ ವಯಸ್ಸಾದವರೇ ಇದ್ದಾರೆ, ನಗರದ ಕಲ್ಯಾಣ ಇಲಾಖೆ ನೋಡಿಕೊಳ್ಳುತ್ತದೆ. ಅಂಗಳದಲ್ಲಿ ಒಂದು ತಂತಿಯ ಮೇಲೆ ಸಾಕ್ಸು, ಟವೆಲು ಒಣಗುತ್ತಿದ್ದವು. ಒಬ್ಬ ಅಜ್ಜಿ ಕಿಟಕಿ ಪರದೆ ಸರಿಸಿ ನಮ್ಮನ್ನು ನೋಡಿ ಮತ್ತೆ ಎಳೆದುಕೊಂಡಳು. ಆ ದಿನ ನೋಡಿದ್ದರಲ್ಲಿ ಯಾವುದು ಅಸಲಿ, ಯಾವುದು ನಕಲಿ ಎಂಬ ನನ್ನ ಲೆಕ್ಕ ಅಲ್ಲಿ ನಿಂತುಹೋಯಿತು. ಆ ಮನೆ ಯಾಕೆ ಕಟ್ಟಿದರೋ ಅದಕ್ಕೇ ಇನ್ನೂ ಇದೆ.

ಬ್ರಸೆಲ್ಸ್‌ಗೆ ಮರಳುವ ರೈಲಿನಲ್ಲಿ ಗೇರುಸೊಪ್ಪೆ ನೆನಪಾಯಿತು. ನಮ್ಮ ಮನೆಯಿಂದ ಬಹಳ ದೂರವಿಲ್ಲ. 16ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆಯುತ್ತಿದ್ದರು. ಮೆಣಸಿಗಾಗಿ ಅವಳ ಬಾಗಿಲಲ್ಲಿ ನಿಂತರು, ಜಗಳವಾಡಿದರು. ಕೆಳದಿಯವರ ಕೈಗೆ ರಾಜ್ಯ ಹೋದ ಮೇಲೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಶರಾವತಿಯಲ್ಲಿ ದೋಣಿಯಲ್ಲಿ ಬಂದು ಆ ಊರು ನೋಡಿದ. ಒಂದು ಕಾಲಕ್ಕೆ ಹೆಸರಾಗಿದ್ದ ರಾಜಧಾನಿ, ಅರಮನೆ ಎಲ್ಲ ಬಿದ್ದು ಮರ ಬೆಳೆದಿದೆ ಎಂದು ಬರೆದ. ಇಷ್ಟಾಗಲು ಎರಡು ದಶಕ ಸಾಕಾಗಿತ್ತು. ಈಗ ಕಾಡಿನ ನಡುವೆ ಚತುರ್ಮುಖ ಬಸದಿಯೂ ಕೆಲವು ಶಾಸನಗಳೂ ಉಳಿದಿವೆ. ಮೆಣಸಿನ ವ್ಯಾಪಾರ ಕಳೆದುಕೊಂಡ ಊರುಗಳು ಎರಡೂ. ಬ್ರೂಜ್‌ನ ಬಡವರು ಊರಿನಲ್ಲೇ ಉಳಿದರು, ಗೇರುಸೊಪ್ಪೆಯವರು ಎದ್ದುಹೋದರು. ಮನುಷ್ಯರಿಲ್ಲದ ಕಡೆ ನಮ್ಮ ಮಳೆ ಕಲ್ಲನ್ನಷ್ಟೇ ಬಿಡುತ್ತದೆ.

ಊರಿಗೆ ಬಂದು ಫೋಟೋಗಳನ್ನು ತೋರಿಸಿದೆ. ನಮ್ಮ ಮನೆ ಕೆಡವಿ ಆರ್‌ಸಿಸಿ ಕಟ್ಟುವ ಮಾತು ಎರಡು ವರ್ಷದಿಂದ ನಡೆದಿದೆ. ಮಣ್ಣಿನ ಗೋಡೆ, ಹಲಸಿನ ಮರದ ಕಂಬ, ನಾಡಹೆಂಚಿನ ಮಾಡು. ನಾನು ಬೇಡ ಎನ್ನುವವರ ಪಕ್ಷ. ಬೆಂಗಳೂರಿನಲ್ಲಿ ಕೂತು ಬೇಡ ಎನ್ನುವವನು. ಅಮ್ಮ ಗೋಡ್ಸ್‌ಹೌಸಿನ ಫೋಟೋವನ್ನು ದೊಡ್ಡದು ಮಾಡಿ ಆ ಬಟ್ಟೆಯ ತಂತಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಫೋನು ವಾಪಸು ಕೊಟ್ಟು, "ಚಲೋ ಇದ್ದು. ಹೆಂಚು ಇಳಿಸಿ ಹೊದೆಸಲೆ ಈಗ ಜನ ಎಲ್ಲಿದ್ದ ತಮಾ?" ಎಂದಳು.

ಈ ಮೇ ತಿಂಗಳಲ್ಲಿ ಹದಿನೈದು ದಿನ ರಜೆ ಹಾಕಿ ಊರಿಗೆ ಹೋಗುತ್ತಿದ್ದೇನೆ. ಹೆಂಚು ಇಳಿಸುವ ಕೆಲಸ ಗೊತ್ತಿರುವವರು ಪಕ್ಕದ ಊರಿನಲ್ಲಿ ಒಬ್ಬರಿದ್ದಾರಂತೆ. ಈ ಸಲದ ಮಳೆಗಾಲಕ್ಕಂತೂ ಮಾಡು ಇರುತ್ತದೆ.